ನಿಮ್ಮ ಮುತ್ತಜ್ಜನ ಅಪ್ಪನ ಹೆಸರೇನು?

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡ್ತೀನಿ. ನಿಮ್ಮ ಮುತ್ತಜ್ಜನ ಅಪ್ಪನ ಹೆಸರೇನು? ಮೊಬೈಲ್ ಮುಟ್ಟಬೇಡಿ, ಅದರಲ್ಲಿ ಸಿಗಲ್ಲ. ಆಧಾರ್, ಪಾನ್, ರೇಷನ್ ಕಾರ್ಡ್ ಅಂತ ನಮ್ಮ ಹೆಸರಿಗೆ ಹತ್ತು ದಾಖಲೆ ಇವೆ. ನಾಲ್ಕು ತಲೆಮಾರು ಹಿಂದಕ್ಕೆ ಹೋದರೆ ಬರೀ ಕತ್ತಲು.

ನನಗೂ ಗೊತ್ತಿರಲಿಲ್ಲ. ಒಮ್ಮೆ ಸುಗ್ಗಿ ಹೊತ್ತಿನಲ್ಲಿ ಊರಿಗೆ ಹೋಗಿದ್ದೆ. ಮನೆ ಮುಂದೆ ಎತ್ತು ನಿಲ್ಲಿಸಿಕೊಂಡು ಹೆಳವರು ಬಂದಿದ್ದರು. ಉತ್ತರ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಮನೆತನದ ವಂಶಾವಳಿ ಬರೆದಿಟ್ಟು, ಬಂದು ಓದಿ ಹೇಳಿ, ಕಾಳುಕಡಿ ಪಡೆದು ಹೋಗುವವರು. ಆ ಅಜ್ಜ ಬಟ್ಟೆಗಂಟು ಬಿಚ್ಚಿ, ಹಳೇ ಪುಸ್ತಕ ತೆಗೆದು ಓದತೊಡಗಿದರು. ಮೂಲ ಊರು, ಬಿಟ್ಟುಬಂದ ಕಾರಣ, ಯಾರಿಗೆ ಎಷ್ಟು ಮಕ್ಕಳು. ಒಂದು ಕಡೆ ನಿಂತರು. ನಮ್ಮ ಮುತ್ತಜ್ಜನ ಚಿಕ್ಕಪ್ಪ ಒಬ್ಬ. ಹೆಸರಿನ ಮುಂದೆ ಒಂದೇ ಸಾಲು: ಬರದಾಗ ಊರು ಬಿಟ್ಟ.

"ಮುಂದ ಏನಾತು ಅಜ್ಜಾ?" ಅಂದೆ.

"ಮುಂದಿಂದು ನಮ್ಮ ಪುಸ್ತಕದಾಗ ಇಲ್ರಿ ಸಾಹೇಬ್ರ."

ಅದು ಧಾತು-ಈಶ್ವರ ಸಂವತ್ಸರಗಳ ಬರ, 1876ರಿಂದ 78. ಧಾರವಾಡ, ಬಳ್ಳಾರಿ, ಮೈಸೂರು ಸೀಮೆ ಎಲ್ಲವನ್ನೂ ಅದು ತಿಂದು ಹಾಕಿತು. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷಕ್ಕೂ ಹೆಚ್ಚು. 1881ರಲ್ಲಿ 42 ಲಕ್ಷಕ್ಕೂ ಕಡಿಮೆ. ಗಣತಿಯಲ್ಲಿ ಲೆಕ್ಕ ಇದೆ, ಹೆಸರಿಲ್ಲ. ಆ ಚಿಕ್ಕಪ್ಪ ಮುಂಬೈ ಗಿರಣಿ ಸೇರಿದನೋ, ದಾರಿಯಲ್ಲೇ ಸತ್ತನೋ, ಯಾರಿಗೂ ಗೊತ್ತಿಲ್ಲ.

ಈಗ ಸಮುದ್ರದ ಆಚೆ ನೋಡಿ. 1834ರಿಂದ ನಮ್ಮ ದೇಶದ ಸುಮಾರು ನಾಲ್ಕೂವರೆ ಲಕ್ಷ ಜನರನ್ನು ಕಬ್ಬಿನ ಗದ್ದೆ ಕೂಲಿಗೆ ಮಾರಿಷಸ್‌ಗೆ ಒಯ್ದರು. ಮದ್ರಾಸಿನಿಂದ ಹೊರಟ 'ಟ್ರೂರೋ' ಹಡಗು 1860ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ ಮುಟ್ಟಿತು. 1911ರ ಹೊತ್ತಿಗೆ ಹಾಗೆ ಹೋದವರು ಒಂದೂವರೆ ಲಕ್ಷ ದಾಟಿದ್ದರು. ಪ್ರತಿಯೊಬ್ಬರಿಗೂ ಒಂದು ನಂಬರ್. ಅದರ ಜೊತೆ ಹೆಸರು, ತಂದೆ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಊರು, ಮೈಮೇಲಿನ ಮಚ್ಚೆ. ಮಾರಿಷಸ್‌ನಲ್ಲಿ 1860ರ ದಶಕದಿಂದ ಫೋಟೋ ಕೂಡ ತೆಗೆದರು. ಪ್ರೀತಿಯಿಂದ ಬರೆದದ್ದಲ್ಲ ಸ್ವಾಮಿ. ಕೂಲಿಯಾಳು ಓಡಿಹೋದರೆ ಹಿಡಿಯೋಕೆ! ಇವತ್ತು ಅವರ ಮರಿಮಕ್ಕಳು ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿರುವ ಅದೇ ಕಡತ ತೆರೆಸಿ, ಅಜ್ಜಿಯ ಮುಖ ನೋಡಿ ಕಣ್ಣೀರು ಹಾಕ್ತಾರೆ.

ಹೌದು, ಅಜ್ಜಿ! ಒಡೆಯನ ಕಡತದಲ್ಲಿ ಹೆಂಗಸಿಗೂ ಒಂದು ಸಾಲು ಇತ್ತು, ಅವಳೂ ದುಡಿಯುವ ಕೈ ಅಂತ. ನಮ್ಮ ಮನೆಯ ವಂಶಾವಳಿಯಲ್ಲಿ? ನಾನು ಕೇಳಿದೆ: "ಅಜ್ಜಾ, ಹೆಣ್ಮಕ್ಕಳ ಹೆಸರು?" ಅವರು ನಕ್ಕರು. "ಅವರು ಕೊಟ್ಟ ಮನಿಗೆ ಹೋದ್ರಲ್ರೀ." ಹಾಗಾದ್ರೆ ಬಂದ ಸೊಸೆಯರು? ಅವರ ಹೆಸರೂ ಇಲ್ಲ. ತಪ್ಪು ಆ ಅಜ್ಜನದಲ್ಲ. ನಾವು ಹೇಳಿದ್ದನ್ನೇ ಅವರು ಬರೆದದ್ದು.

ಹುಡುಕಬೇಕು ಅನ್ನುವವರಿಗೆ ದಾರಿ ಇದೆ. ಟ್ರಂಕಿನಲ್ಲಿರುವ ಹಳೇ ಕ್ರಯಪತ್ರ, ವಿಭಾಗಪತ್ರ ತೆಗೀರಿ. ಅದರಲ್ಲಿ ತಂದೆ ಹೆಸರು ಇದ್ದೇ ಇರುತ್ತೆ. ತಾಲೂಕು ಕಚೇರಿಯಲ್ಲಿ ಜಮೀನಿನ ಹಳೇ ದಾಖಲೆ ಕೇಳಿ. ಕ್ರೈಸ್ತರಾದರೆ ಚರ್ಚಿನ ಜ್ಞಾನಸ್ನಾನದ ಪುಸ್ತಕ ನೋಡಿ. ಹೆಳವರು ಬಂದರೆ ದಯವಿಟ್ಟು "ಮುಂದೆ ಹೋಗಿ" ಅನ್ನಬೇಡಿ. ಆ ಅಜ್ಜನ ಮಗ ಈಗ ಬೆಂಗಳೂರಲ್ಲಿ ಡ್ರೈವರ್. ಆ ಗಂಟು ಇನ್ನು ಯಾರು ಬಿಚ್ಚುತ್ತಾರೆ?

ಅಂದು ನಾನು ಅವರ ಪುಸ್ತಕದಲ್ಲಿ ಎರಡು ಹೆಸರು ಸೇರಿಸಿಸಿದೆ. ನನ್ನ ಅವ್ವನದು, ನನ್ನ ಮಗಳದು. ಅಜ್ಜ ಸ್ವಲ್ಪ ಹಿಂದೆಮುಂದೆ ನೋಡಿದರು, ಆಮೇಲೆ ಪೆನ್ನು ತೆಗೆದರು. ನೀವೂ ಇವತ್ತು ರಾತ್ರಿ ಮನೆಯ ಹಿರಿಯರ ಪಕ್ಕ ಕೂತು ಕೇಳಿ. ಅವರಿರುವಾಗಲೇ ಕೇಳಿ.