ವೆಂಟಿಲೇಟರ್‌ನಿಂದ ಹೊರಗೆ ಬರೋ ದಾರಿ

ನಾನು ಐಸಿಯು ಸ್ಟಾಫ್ ನರ್ಸ್, 11 ವರ್ಷದಿಂದ ಇದೇ ಕೆಲಸ. ಐಸಿಯು ಬಾಗಿಲಲ್ಲಿ ನಾನು ಅತಿ ಹೆಚ್ಚು ಕೇಳಿಸಿಕೊಂಡ ಪ್ರಶ್ನೆ, "ಸಿಸ್ಟರ್, ಪೈಪ್ ಯಾವಾಗ ತೆಗೀತೀರಿ?" ಅದರ ಹಿಂದೆ ಬಾಯಿಬಿಟ್ಟು ಕೇಳದ ಇನ್ನೊಂದು ಮಾತಿರುತ್ತೆ. ವೆಂಟಿಲೇಟರ್‌ಗೆ ಹಾಕಿದ್ರು ಅಂದ್ರೆ ಮುಗೀತಾ? ಕೋವಿಡ್ ಆದ ಮೇಲಂತೂ ಈ ಭಯ ಇನ್ನೂ ಗಟ್ಟಿಯಾಗಿದೆ.

ವೆಂಟಿಲೇಟರ್ ರೋಗ ವಾಸಿ ಮಾಡೋ ಮೆಷಿನ್ ಅಲ್ಲ. ಉಸಿರಾಟದ ಕೆಲಸವನ್ನ ತಾನು ಹೊತ್ತುಕೊಂಡು ದೇಹಕ್ಕೆ ಟೈಮ್ ಕೊಡುತ್ತೆ, ಅಷ್ಟೆ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹಬ್ಬಿದಾಗ ಈ ಕೆಲಸ ಮಾಡಿದ್ದು ಮನುಷ್ಯರು. ಬ್ಯೋರ್ನ್ ಇಬ್ಸೆನ್ ಅನ್ನೋ ಅರಿವಳಿಕೆ ತಜ್ಞರು ದಾರಿ ತೋರಿಸಿದ್ರು. ಮೆಡಿಕಲ್ ವಿದ್ಯಾರ್ಥಿಗಳು ಪಾಳಿ ಮೇಲೆ ಕೂತು, ರೋಗಿಯ ಕುತ್ತಿಗೆಗೆ ಹಾಕಿದ ಕೊಳವೆ ಮೂಲಕ ಕೈಯಲ್ಲೇ ಚೀಲ ಒತ್ತಿ ಒತ್ತಿ ಉಸಿರು ಕೊಟ್ರು. ಇವತ್ತಿನ ಐಸಿಯು ಬೆಳೆದಿದ್ದು ಅಲ್ಲಿಂದ.

ಆದ್ರೆ ಮೆಷಿನ್ ದುಡೀತಾ ಇದ್ರೆ ನಮ್ಮ ವಪೆ, ಅಂದ್ರೆ ಎದೆ ಮತ್ತು ಹೊಟ್ಟೆ ನಡುವಿನ ಉಸಿರಾಟದ ಸ್ನಾಯು, ಸುಮ್ಮನಿರುತ್ತೆ. ಪ್ಲಾಸ್ಟರ್ ಹಾಕಿದ ಕಾಲು ಸಣ್ಣಗಾಗೋದು ನೋಡಿದ್ದೀರಲ್ಲ, ಹಾಗೇ ಇದೂ ಸೊರಗುತ್ತೆ. ಅದಕ್ಕೆ ಕೆಲವೇ ದಿನ ಸಾಕು. ತಡ ಮಾಡಿದ್ರೆ ಈ ಕಷ್ಟ, ಜೊತೆಗೆ ನ್ಯುಮೋನಿಯಾ ಭಯ. ಅವಸರ ಮಾಡಿದ್ರೆ ಮತ್ತೆ ಪೈಪ್ ಹಾಕಬೇಕಾಗುತ್ತೆ, ಅದು ಇನ್ನೂ ಅಪಾಯ.

ಒಂದು ಕೇಸ್ ಹೇಳ್ತೀನಿ. ಹೆಸರು, ಊರು ಬೇಡ. ಮಳೆಗಾಲ. ನೆಲದ ಮೇಲೆ ಮಲಗಿದ್ದ 22 ವರ್ಷದ ಹುಡುಗನಿಗೆ ರಾತ್ರಿ ಕಟ್ಟುಹಾವು ಕಚ್ಚಿತ್ತು. ಇದರ ಕಡಿತ ಎಷ್ಟೋ ಸಲ ನೋಯೋದೇ ಇಲ್ಲ, ಗುರುತೂ ಕಾಣಲ್ಲ. ಬೆಳಗ್ಗೆ ಹೊಟ್ಟೆನೋವು ಅಂದ. ಆಮೇಲೆ ರೆಪ್ಪೆ ಇಳೀತು, ಮಾತು ತೊದಲಿತು. ನಮ್ಮ ಹತ್ರ ಬರೋಷ್ಟರಲ್ಲಿ ಉಸಿರೇ ಸೋತಿತ್ತು. ಆಂಟಿವೆನಮ್ ರಕ್ತದಲ್ಲಿರೋ ವಿಷವನ್ನ ಹಿಡಿಯುತ್ತೆ, ಆದ್ರೆ ಆಗಲೇ ಹಾಳಾದ ನರದ ತುದಿಯನ್ನ ರಿಪೇರಿ ಮಾಡಲ್ಲ. ಅದು ತಾನಾಗೇ ಸರಿಹೋಗೋವರೆಗೆ ವೆಂಟಿಲೇಟರೇ ಗತಿ.

ಮೂರನೇ ದಿನ ಅವನ ಸೋದರಮಾವ ಬಂದ್ರು. "ಕಣ್ಣೇ ಬಿಡ್ತಿಲ್ಲ ಸಿಸ್ಟರ್. ಸಾಲ ಬೆಳೀತಿದೆ. ಮನೆಗೆ ಕರ್ಕೊಂಡು ಹೋಗ್ತೀವಿ." ಕರ್ಕೊಂಡು ಹೋಗಿದ್ರೆ ದಾರಿಯಲ್ಲೇ ಮುಗೀತಿತ್ತು. ನಾನು ತಾಯಿಯನ್ನ ಮಂಚದ ಹತ್ರ ಕರೆದೆ. ಅವನ ರೆಪ್ಪೆ ಎತ್ತಿ ಹಿಡಿದು, "ನಿಮ್ಮ ಅಮ್ಮ ಬಂದಿದ್ದಾರೆ ನೋಡು. ಕೇಳಿಸ್ತಿದ್ರೆ ಕಾಲ್ಬೆರಳು ಅಲ್ಲಾಡ್ಸು" ಅಂದೆ. ಹೆಬ್ಬೆರಳು ಚೂರೇ ಚೂರು ಅಲ್ಲಾಡ್ತು. ಕಟ್ಟುಹಾವಿನ ವಿಷದಲ್ಲಿ ಹೀಗಾಗುತ್ತೆ. ಹೊರಗಿನಿಂದ ನೋಡಿದ್ರೆ ಕೋಮಾ ಥರ, ಒಳಗೆ ಮನುಷ್ಯ ಪೂರ್ತಿ ಎಚ್ಚರ. ತಾಯಿ ಮನೆ ಮಾತೆತ್ತಲಿಲ್ಲ. ಮಾವನೂ ಹೊರಗೆ ಬೆಂಚಿನ ಮೇಲೆ ಕೂತರು.

ದಿನಾ ಬೆಳಗ್ಗೆ ನಾವು ನೋಡೋದು ಇಷ್ಟು: ಮೂಲ ತೊಂದರೆ ಇಳಿದಿದೆಯಾ, ಕಡಿಮೆ ಆಮ್ಲಜನಕ ಸಾಕಾಗ್ತಿದೆಯಾ, ಬಿಪಿ ನಿಂತಿದೆಯಾ, ನಿದ್ದೆ ಔಷಧಿ ನಿಲ್ಲಿಸಿದ್ರೆ ಎಚ್ಚರ ಆಗ್ತಾರಾ, ಕೆಮ್ಮೋ ಶಕ್ತಿ ಇದೆಯಾ. ಇಷ್ಟಿದ್ರೆ ಟ್ರಯಲ್. ಪೈಪ್ ಇರುತ್ತೆ, ಮೆಷಿನ್‌ನ ಸಹಾಯ ತೀರಾ ಕಡಿಮೆ ಮಾಡಿ ಅರ್ಧ ಗಂಟೆಯಿಂದ ಎರಡು ಗಂಟೆ ಅವರ ಪಾಡಿಗೆ ಉಸಿರಾಡೋಕೆ ಬಿಡ್ತೀವಿ. ಒಂದು ಸಣ್ಣ ಲೆಕ್ಕಾನೂ ಇದೆ. ನಿಮಿಷಕ್ಕೆ ಎಷ್ಟು ಉಸಿರು ಅನ್ನೋದನ್ನ ಒಂದು ಉಸಿರಿನ ಗಾಳಿ ಎಷ್ಟು ಲೀಟರ್ ಅನ್ನೋದರಿಂದ ಭಾಗಿಸಬೇಕು. 24 ಉಸಿರು, 400 ಮಿಲಿಲೀಟರ್ ಆದ್ರೆ 60. ಒಳ್ಳೇ ಸೂಚನೆ. 35 ಉಸಿರು, 250 ಮಿಲಿಲೀಟರ್ ಆದ್ರೆ 140. 105 ದಾಟಿದ್ರೆ ಸಾಮಾನ್ಯವಾಗಿ ಇನ್ನೂ ಸಮಯ ಆಗಿಲ್ಲ ಅಂತ ಅರ್ಥ. ಆದ್ರೂ ನಾನು ನಂಬೋದು ಮುಖವನ್ನ. ನಂಬರ್ ಕೆಡೋ ಮೊದಲೇ ಹಣೆ ಬೆವರುತ್ತೆ, ಕಣ್ಣಲ್ಲಿ ಗಾಬರಿ ಕಾಣುತ್ತೆ.

ಈ ಹುಡುಗನಿಗೆ ಇನ್ನೊಂದು ಪರೀಕ್ಷೆ: ದಿಂಬಿನಿಂದ ತಲೆ ಎತ್ತಿ 5 ಸೆಕೆಂಡ್ ಹಿಡೀಬೇಕು. ಆರನೇ ದಿನ ಕಷ್ಟಪಟ್ಟು ಹಿಡಿದ. ಟ್ರಯಲ್ ಶುರುವಾಗಿ 20 ನಿಮಿಷಕ್ಕೆ ಬೆವರಿದ, ಕುತ್ತಿಗೆ ಸ್ನಾಯು ಎಳೆಯೋಕೆ ಶುರುವಾಯ್ತು. ವಾಪಸ್ ಮೆಷಿನ್‌ಗೆ. ತಾಯಿ ಅತ್ತುಬಿಟ್ರು. ಟ್ರಯಲ್ ಫೇಲ್ ಅಂದ್ರೆ ಮಗ ಫೇಲ್ ಅಲ್ಲಮ್ಮ, ಇವತ್ತು ರೆಸ್ಟ್, ನಾಳೆ ನೋಡೋಣ ಅಂದೆ.

ನಾಳೆ ಆಗಲಿಲ್ಲ, ನಾಡಿದ್ದು ಆಯ್ತು. ಬಾಯಿ, ಗಂಟಲಿನ ಕಫ ಎಳೆದು, ಪೈಪಿನ ತುದಿಯ ಬಲೂನಿನ ಗಾಳಿ ತೆಗೆದು, "ಜೋರಾಗಿ ಕೆಮ್ಮು" ಅಂದು ಡಾಕ್ಟರ್ ಹೊರಗೆಳೆದ್ರು. ಗೊಗ್ಗರು ದನಿಯಲ್ಲಿ ಅವನು ಮೊದಲು ಕೇಳಿದ್ದು ನೀರು. ತಕ್ಷಣ ಕೊಡೋ ಹಾಗಿಲ್ಲ, ನುಂಗೋದು ಸರಿಯಿದೆಯಾ ಅಂತ ನೋಡ್ಬೇಕು. ನನ್ನನ್ನ ಬೈದ, ಅದೂ ಚೆನ್ನಾಗೇ ಬೈದ. ಮತ್ತೆ ಪೈಪ್ ಬೇಕಾಗಬಹುದಾದ ಮೊದಲ 48 ಗಂಟೆ ಪಕ್ಕದಲ್ಲೇ ಕಾದ್ವಿ, ಬೇಕಾಗಲಿಲ್ಲ.

ಎಲ್ಲರದೂ ಹೀಗಾಗಲ್ಲ. ಹಳೇ ಶ್ವಾಸಕೋಶದ ಕಾಯಿಲೆ ಇರೋರಿಗೆ ವಾರಗಟ್ಟಲೆ ಹಿಡಿಯಬಹುದು, ಕೆಲವರಿಗೆ ಕುತ್ತಿಗೆಯಲ್ಲಿ ರಂಧ್ರ ಮಾಡಿ ಕೊಳವೆ ಹಾಕಬೇಕು, ಕೆಲವರು ಹೊರಗೆ ಬರೋದೇ ಇಲ್ಲ. ನಿಮ್ಮ ಮನೆಯವರು ಒಳಗಿದ್ರೆ ಡಾಕ್ಟರ್‌ನ ಹೀಗೆ ಕೇಳಿ: "ಇವತ್ತು ಟ್ರಯಲ್ ಮಾಡಿದ್ರಾ? ಯಾವುದು ಅಡ್ಡಿ ಆಗ್ತಿದೆ?" ಒಳಗೆ ಬಿಟ್ಟಾಗ ಕನ್ನಡಕ, ಕಿವಿ ಮೆಷಿನ್ ಇದ್ರೆ ತನ್ನಿ. ಇವತ್ತು ಯಾವ ವಾರ, ಮನೇಲಿ ಏನು ನಡೀತಿದೆ, ಹೇಳಿ. ಮಂಚದ ಪಕ್ಕ ನಿಂತು ಬಿಲ್ಲಿನ ಮಾತು ಮಾತ್ರ ಆಡಬೇಡಿ. ಅವರಿಗೆ ಕೇಳಿಸ್ತಿರಬಹುದು.