ಕಲಬುರಗಿ–ಶಿವಮೊಗ್ಗ: ಆ ‘ಒಂದು ಗಂಟೆ’ ಯಾವ ವಿಮಾನದ್ದು?

ಇವತ್ತಿನ ಮಾತು ಒಂದು ಫೋನ್ ಕಾಲ್‌ನಿಂದ ಶುರು. ನನ್ನ ಜೊತೆ ಬಿ.ಕಾಂ. ಓದಿದ ಕಲಬುರಗಿಯ ಗೆಳತಿಗೆ ನಮ್ಮೂರು ಶಿವಮೊಗ್ಗದಲ್ಲಿ ಕೆಲಸದ ಇಂಟರ್‌ವ್ಯೂ ಇತ್ತು. ಬೆಳಿಗ್ಗೆ ಹನ್ನೊಂದಕ್ಕೆ. “ವಿಮಾನದಾಗ ಬರೀ ಒಂದ್ ತಾಸು ತೋರಸ್ಲತ್ತದ ನೋಡು. ಎಂಟಕ್ಕ ಹತ್ತಿದ್ರ ಒಂಬತ್ತಕ್ಕ ನಿಮ್ಮೂರಾಗ ಇರ್ತೀನಿ” ಅಂದಳು.

ಅವರೂರಿನ ಏರ್‌ಪೋರ್ಟ್ 2019ರಲ್ಲಿ ಶುರುವಾಯಿತು, ನಮ್ಮದು 2023ರಲ್ಲಿ. ಆದರೆ ಇವೆರಡರ ನಡುವೆ ನೇರ ವಿಮಾನವೇ ಇರಲಿಲ್ಲ! ಹಾಗಾದರೆ ಆ ಒಂದು ಗಂಟೆ ಎಲ್ಲಿಂದ ಬಂತು?

ದೂರ ತೋರಿಸುವ ವೆಬ್‌ಸೈಟ್‌ಗಳ ಲೆಕ್ಕ ಸರಳ. ಎರಡೂ ಏರ್‌ಪೋರ್ಟ್‌ಗಳ ಅಕ್ಷಾಂಶ, ರೇಖಾಂಶ ತಗೊಂಡು ಭೂಮಿಯ ಮೇಲೆ ಅತಿ ಹತ್ತಿರದ ಗೆರೆ ಎಳೆಯುತ್ತವೆ. ಇಲ್ಲಿ ಅದು ಸುಮಾರು 410 ಕಿಲೋಮೀಟರ್. ಜೆಟ್ ವಿಮಾನದ ವೇಗ ಗಂಟೆಗೆ 800 ಅಂತ ಹಿಡಿದು ಭಾಗಿಸಿ, ಏರೋದಕ್ಕೆ ಇಳಿಯೋದಕ್ಕೆ ಅಂತ ಅರ್ಧ ಗಂಟೆ ಸೇರಿಸಿದರೆ ಒಂದು ಗಂಟೆ ಆಯಿತು. ಆ ದಾರಿಯಲ್ಲಿ ವಿಮಾನ ಹಾರುತ್ತದೋ ಇಲ್ಲವೋ ಅಂತ ಈ ಲೆಕ್ಕ ಕೇಳುವುದೇ ಇಲ್ಲ. ಇನ್ನು, ಇಂಥ ಊರುಗಳಿಗೆ ಹೆಚ್ಚಾಗಿ ಬರೋ ಎಟಿಆರ್, ಅದೇ ರೆಕ್ಕೆಯಲ್ಲಿ ಫ್ಯಾನ್ ತಿರುಗುತ್ತಲ್ಲ ಅದು, ಗಂಟೆಗೆ 500ರ ಆಸುಪಾಸಿನಲ್ಲಿ ಹೋಗುವಂಥದ್ದು.

ಆಗ ವಿಮಾನದಲ್ಲೇ ಬರಬೇಕು ಅಂದ್ರೆ ಬೆಂಗಳೂರು ಸುತ್ತಬೇಕಿತ್ತು. ಅಲ್ಲಿಗೆ ಸುಮಾರು 460, ಅಲ್ಲಿಂದ ಶಿವಮೊಗ್ಗಕ್ಕೆ 240. ಒಟ್ಟು 700 ಕಿಲೋಮೀಟರ್. ಆಕಾಶದಲ್ಲಿರೋದು ಎರಡು ಗಂಟೆ ಚಿಲ್ಲರೆ ಇರಬಹುದು, ಉಳಿದದ್ದೆಲ್ಲ ಕಾಯೋದು. ಶ್ರೀನಿವಾಸ ಸರಡಗಿಗೆ ಆಟೋ, ಚೆಕ್-ಇನ್, ಬೆಂಗಳೂರಿನಲ್ಲಿ ಮುಂದಿನ ವಿಮಾನ, ಆಮೇಲೆ ಸೋಗಾನೆಯಿಂದ ಊರಿಗೆ ಟ್ಯಾಕ್ಸಿ. ಅವಳು ನೋಡಿದ ದಿನ ಎರಡು ವಿಮಾನಗಳ ಸಮಯ ಕೂಡಿಬರಲೇ ಇಲ್ಲ.

ನೇರ ವಿಮಾನ ಯಾಕಿರಲಿಲ್ಲ? ಕಾಮರ್ಸ್ ಓದಿದವನ ಉತ್ತರ ಇದು: ಎಪ್ಪತ್ತು ಸೀಟಿನ ವಿಮಾನಕ್ಕೆ ದಿನಾ ಅಷ್ಟು ಜನ ಬೇಕು. ಶಿವಮೊಗ್ಗಕ್ಕೆ ಹೋಗೋರು ಕಲಬುರಗಿಯಲ್ಲಿ ದಿನಾ ಎಷ್ಟು ಮಂದಿ ಸಿಗ್ತಾರೆ? ಅದೇ ಬೆಂಗಳೂರಿಗೆ ಅಂದ್ರೆ ದಿಲ್ಲಿಗೆ ಹೋಗೋರು, ಕೊಚ್ಚಿಗೆ ಹೋಗೋರು ಎಲ್ಲರೂ ಅದೇ ವಿಮಾನ ಹತ್ತುತ್ತಿದ್ದರು. ಬಸ್ಸಿಗೆ ಮೆಜೆಸ್ಟಿಕ್ ಇದ್ದಂಗೆ. ಉಡಾನ್ ಯೋಜನೆಯಲ್ಲಿ ಸರ್ಕಾರ ನಷ್ಟ ತುಂಬಿಕೊಡುತ್ತದೆ, ನಿಜ. ಆದರೆ ಒಂದು ಮಾರ್ಗಕ್ಕೆ ಮೂರು ವರ್ಷ ಮಾತ್ರ. ಆಮೇಲೆ ಸೀಟು ತುಂಬಬೇಕು, ಇಲ್ಲಾಂದ್ರೆ ವಿಮಾನ ಬೇರೆ ಊರಿಗೆ.

ಅದಕ್ಕೇ ಹೇಳೋದು, ಗೂಗಲ್ ಮಾಡಿದಾಗ ಗಂಟೆ, ನಿಮಿಷ ಬಂತು ಅಂತ ರಜೆ ಹಾಕಬೇಡಿ. ತಾರೀಖು ಹಾಕಿ ನೋಡಿ. ಫ್ಲೈಟ್ ನಂಬರು, ಹೊರಡುವ ಸಮಯ, ಟಿಕೆಟ್ ದರ ಮೂರೂ ಕಂಡರೆ ಮಾತ್ರ ವಿಮಾನ ಇದೆ ಅಂತ ಲೆಕ್ಕ.

ನನ್ನ ಗೆಳತಿ ಕೊನೆಗೆ ರಾತ್ರಿ ಬಸ್ ಹತ್ತಿದಳು. ಬೆಳಿಗ್ಗೆ ಕಾಲು ಬಾತುಕೊಂಡೇ ಇಳಿದಳು, ಪಾಪ. ನಮ್ಮನೇಲಿ ಸ್ನಾನ, ಕಡುಬು, ಕಾಫಿ ಮುಗಿಸಿ ಹತ್ತೂವರೆಗೇ ಆಫೀಸಿನ ಬಾಗಿಲಲ್ಲಿದ್ದಳು.