ಜಪವೂ ಕುಣಿತವೂ
(ಸಂಘದ ಸಂಗೀತಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾವು ಸಂಗೀತಶಾಸ್ತ್ರವನ್ನು ಓದಿದವರಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತರಾಗಿ ಪರರ ಜಮಾಖರ್ಚು ನೋಡುವವರು. ಆದರೂ ಈ ವೇದಿಕೆಯನ್ನೇರುವ ಧೈರ್ಯ ಮಾಡಿದುದಕ್ಕೆ ಕಾರಣವುಂಟು. ನಮ್ಮ ಭಜನಾ ತಂಡದ ಹುಡುಗರು ಹಾರ್ಮೋನಿಯಂ ಜೊತೆಗೆ ಕೀಬೋರ್ಡೂ ಡ್ರಮ್ಸೂ ಇರಲಿ ಎಂದು ಕಳೆದ ವರ್ಷ ಕೇಳಿದಾಗ, ಬೇಡವೆಂದು ಕೈಯೆತ್ತಿದವರಲ್ಲಿ ನಾವೂ ಒಬ್ಬರು. ಹುಡುಗರು ವಾದ ಮಾಡಲಿಲ್ಲ. ಅಭ್ಯಾಸಕ್ಕೆ ಬರುವುದನ್ನು ನಿಲ್ಲಿಸಿದರು, ಅಷ್ಟೆ. ಆಮೇಲೆ ಅವರಲ್ಲೊಬ್ಬನು ನಮಗೆ ಒಬ್ಬ ಅಮೆರಿಕನ್ ವಾದಕರ ಸಂಗೀತವನ್ನು ಕೇಳಿಸಿದನು. ಅವರ ವಿಷಯವನ್ನೇ ಇಂದು ನಿಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ.

ಲಾನಿ ಲಿಸ್ಟನ್ ಸ್ಮಿತ್ ಹುಟ್ಟಿದ್ದು 1940ರಲ್ಲಿ, ವರ್ಜೀನಿಯಾ ರಾಜ್ಯದ ರಿಚ್ಮಂಡಿನಲ್ಲಿ. ತಂದೆ ‘ಹಾರ್ಮೊನೈಸಿಂಗ್ ಫೋರ್’ ಎಂಬ ಹೆಸರಾಂತ ಗಾಸ್ಪೆಲ್ ತಂಡದ ಗಾಯಕರು. ಗಾಸ್ಪೆಲ್ ಎಂದರೆ ಆಫ್ರಿಕನ್ ಮೂಲದ ಅಮೆರಿಕನ್ನರು ಚರ್ಚಿನಲ್ಲಿ ಕೈತಟ್ಟಿ ಮೈಮರೆತು ಹಾಡುವ ಭಕ್ತಿಸಂಗೀತ. ಸ್ಮಿತ್ ಬಾಲ್ಟಿಮೋರಿನಲ್ಲಿ ಸಂಗೀತ ವ್ಯಾಸಂಗ ಮಾಡಿ ನ್ಯೂಯಾರ್ಕನ್ನು ಸೇರಿ, ಬೆಟ್ಟಿ ಕಾರ್ಟರ್, ರೋಲಂಡ್ ಕರ್ಕ್, ಆರ್ಟ್ ಬ್ಲೇಕಿಯಂಥ ಜಾಝ್ ಘಟಾನುಘಟಿಗಳಿಗೆ ಪಿಯಾನೋ ನುಡಿಸಿ ಪಳಗಿದರು.

ಅನಂತರ ಅವರು ಸ್ಯಾಕ್ಸೊಫೋನ್ ವಾದಕ ಫ್ಯಾರೋ ಸ್ಯಾಂಡರ್ಸ್ ಅವರ ತಂಡವನ್ನು ಸೇರಿದರು. 1969ರಲ್ಲಿ ಬಂದ ಆ ತಂಡದ ಆಲ್ಬಮ್ಮಿನ ಹೆಸರೇ ‘ಕರ್ಮ’. ಅದರ ಮುಖ್ಯ ಕೃತಿ ಸೃಷ್ಟಿಕರ್ತನನ್ನು ಕುರಿತದ್ದು. ಅರ್ಧ ಗಂಟೆಗೂ ಮಿಗಿಲಾಗಿ ಹರಿಯುತ್ತದೆ. ಹಿಂದಿನ ಜಾಝಿನಲ್ಲಿ ಸ್ವರಮೇಳಗಳು ಕ್ಷಣಕ್ಷಣಕ್ಕೂ ಬದಲಾಗುತ್ತಿದ್ದವು. ಇಲ್ಲಾದರೋ ಒಂದೆರಡು ಸ್ವರಮೇಳಗಳ ಮೇಲೆಯೇ ನಿಂತು, ಅವನ್ನೇ ಮತ್ತೆ ಮತ್ತೆ ಸುತ್ತಿ, ಧ್ಯಾನಕ್ಕೆ ಕೂತವರಂತೆ ನುಡಿಸುತ್ತಾರೆ.

1970ರಲ್ಲಿ, ಸ್ಯಾಂಡರ್ಸರ ‘ಥೆಂಬಿ’ ಆಲ್ಬಮ್ಮಿನ ಧ್ವನಿಮುದ್ರಣದ ಸಮಯದಲ್ಲಿ, ಸ್ಮಿತ್ ಸ್ಟುಡಿಯೋದಲ್ಲಿ ಫೆಂಡರ್ ರೋಡ್ಸ್ ಎಂಬ ವಿದ್ಯುತ್ ಪಿಯಾನೋವನ್ನು ಕಂಡರು. ಇದರಲ್ಲಿ ಸುತ್ತಿಗೆಯು ತಂತಿಗೆ ಬಡಿಯುವುದಿಲ್ಲ. ಸಣ್ಣ ಉಕ್ಕಿನ ಕಡ್ಡಿಗೆ ಬಡಿಯುತ್ತದೆ. ಆ ಕಂಪನವನ್ನು ಅಯಸ್ಕಾಂತವುಳ್ಳ ಸುರುಳಿಯೊಂದು ಹಿಡಿದು ಸ್ಪೀಕರಿಗೆ ಕಳಿಸುತ್ತದೆ. ನಾದವು ದೂರದ ಗಂಟೆಯಂತೆ ಮೃದು. ಹೊಸ ವಾದ್ಯವನ್ನು ಮುಟ್ಟಿ ನೋಡುತ್ತ ಸ್ಮಿತ್ ಅಲ್ಲೇ ಒಂದು ಕೃತಿಯನ್ನು ಕಟ್ಟಿದರು. ಅದೇ ‘ಆಸ್ಟ್ರಲ್ ಟ್ರಾವೆಲಿಂಗ್’. ಮುಂದೆ ಮೈಲ್ಸ್ ಡೇವಿಸರ ತಂಡದಲ್ಲಿಯೂ ಕೆಲಕಾಲವಿದ್ದು, 1973ರಲ್ಲಿ ‘ಕಾಸ್ಮಿಕ್ ಎಕೋಸ್’ ಎಂಬ ತಮ್ಮದೇ ತಂಡದೊಡನೆ, ‘ಆಸ್ಟ್ರಲ್ ಟ್ರಾವೆಲಿಂಗ್’ ಎಂದೇ ಹೆಸರಿಟ್ಟು ಮೊದಲ ಆಲ್ಬಮ್ಮನ್ನು ಹೊರತಂದರು. ಅದರಲ್ಲಿ ಬಾದಲ್ ರಾಯರ ತಬಲವಿದೆ, ತಂಬೂರಿಯ ಶ್ರುತಿಯೂ ಇದೆ. ವಿದ್ಯುತ್ ಪಿಯಾನೋ ಬಂತೆಂದು ತಂಬೂರಿ ಹೊರಗೆ ಹೋಗಲಿಲ್ಲ. ಎರಡೂ ಒಂದೇ ಚಾಪೆಯ ಮೇಲೆ ಕುಳಿತವು.

1975ರಲ್ಲಿ ಬಂದ ‘ಎಕ್ಸ್‌ಪಾನ್ಷನ್ಸ್’ ಅವರನ್ನು ಜನಸಾಮಾನ್ಯರ ಬಳಿಗೆ ಕರೆದೊಯ್ಯಿತು. ಸೆಸಿಲ್ ಮೆಕ್‌ಬೀಯವರ ಬಾಸ್ ಒಂದೇ ಪಲುಕನ್ನು ಬಿಡದೆ ನುಡಿಯುತ್ತದೆ. ಕೈವಾದ್ಯಗಳು ಅದನ್ನು ಮುಂದಕ್ಕೆ ತಳ್ಳುತ್ತವೆ. ತಮ್ಮ ಡೊನಾಲ್ಡ್ ಸ್ಮಿತ್ ಹಾಡುತ್ತಾರೆ. ಲಯ ಫಂಕಿನದು, ಕಂಠ ಸೋಲ್ ಸಂಗೀತದ್ದು, ಮಾತಾದರೋ ಮನಸ್ಸನ್ನು ಹಿಗ್ಗಿಸಿಕೊಂಡು ಶಾಂತಿಯಿಂದ ಬಾಳಿರೆಂಬುದು. ನೃತ್ಯಶಾಲೆಗಳಲ್ಲಿ ಜನ ಇದಕ್ಕೆ ಕುಣಿದರು.

‘ಧ್ಯಾನವನ್ನು ಬಿಟ್ಟು ಕುಣಿತಕ್ಕಿಳಿದರಲ್ಲಾ!’ ಎಂದು ನಮಗೂ ಮೊದಲು ಅನ್ನಿಸಿತು. ಮತ್ತೆ ಮತ್ತೆ ಕೇಳಿದಾಗ ನಮ್ಮ ಲೆಕ್ಕ ತಪ್ಪೆಂದು ತಿಳಿಯಿತು. ‘ಕರ್ಮ’ದಲ್ಲಿ ಮನಸ್ಸನ್ನು ನಿಲ್ಲಿಸಿದುದು ಆವರ್ತನೆ, ಇಲ್ಲಿ ಕಾಲನ್ನು ಕುಣಿಸುವುದೂ ಆವರ್ತನೆಯೇ. ನಮ್ಮ ಏಕಾದಶಿಯ ಭಜನೆಯಲ್ಲಿ ನಾಮ ಅದೇ ಇದ್ದು, ತಾಳ ಏರಿದಂತೆ ಕುಳಿತವರು ಎದ್ದು ಕುಣಿಯುವುದಿಲ್ಲವೆ? ಮೇಲಾಗಿ ಸೋಲ್ ಸಂಗೀತ ಹುಟ್ಟಿದ್ದೇ ಗಾಸ್ಪೆಲ್ಲಿನ ಮಡಿಲಲ್ಲಿ. ಸ್ಮಿತ್ ಪರರ ಮನೆಗೆ ಹೋಗಲಿಲ್ಲ. ತಂದೆಯ ಮನೆಗೆ ಬೇರೊಂದು ಬಾಗಿಲಿನಿಂದ ಮರಳಿದರು.

ಎಲ್ಲವೂ ಲಾಭವೇ ಆಯಿತೆಂದು ನಾವು ಹೇಳುವುದಿಲ್ಲ. 1978ರಲ್ಲಿ ಅವರು ಕೊಲಂಬಿಯಾ ಎಂಬ ದೊಡ್ಡ ಕಂಪನಿಗೆ ಹೋದಮೇಲಿನ ಕೆಲವು ಹಾಡುಗಳಲ್ಲಿ ನಮ್ಮ ಕಿವಿಗೆ ಅಂಗಡಿಯ ಸದ್ದು ಹೆಚ್ಚು, ನಾದ ಕಡಿಮೆ. ಹೊಸ ವಾದ್ಯ ತಂದ ಮಾತ್ರಕ್ಕೆ ಹೊಸ ಜೀವ ಬರುವುದಿಲ್ಲ. ಆದರೆ 1983ರ ‘ಎ ಗಾರ್ಡನ್ ಆಫ್ ಪೀಸ್’ನಲ್ಲಿ ಆ ಹಳೆಯ ಪ್ರಶಾಂತತೆ ಮತ್ತೆ ಕೇಳಿಬರುತ್ತದೆ. 1996ರಲ್ಲಿ ರ‍್ಯಾಪ್ ಗಾಯಕ ಜೇ-ಝೀ ಅದರ ತುಣುಕೊಂದನ್ನು ತಮ್ಮ ಹಾಡಿಗೆ ಅಡಿಪಾಯ ಮಾಡಿಕೊಂಡರು. 2023ರಲ್ಲಿ, ಎಂಬತ್ತು ದಾಟಿದ ಸ್ಮಿತ್, ತಮಗಿಂತ ಬಹಳ ಕಿರಿಯರಾದ ಏಡ್ರಿಯನ್ ಯಂಗ್ ಮತ್ತು ಅಲಿ ಶಹೀದ್ ಮುಹಮ್ಮದ್ ಅವರೊಡನೆ ಕುಳಿತು ಹೊಸ ಆಲ್ಬಮ್ಮನ್ನೇ ತಂದರು.

ಹಿರಿಯರು ಕಿರಿಯರೊಡನೆ ಕುಳಿತರೆ ಹಾಡು ಉಳಿಯುತ್ತದೆ. ಪರವೂರಿನಲ್ಲಿರುವ ನಮಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಇಲ್ಲಿ ನಮ್ಮ ಮಕ್ಕಳು ಕನ್ನಡ ಪದಗಳನ್ನು ಬಾಯಿತುಂಬ ಹಾಡುವ ಜಾಗಗಳು ಎಷ್ಟಿವೆ? ಆದುದರಿಂದ ಕಾರ್ಯಕಾರಿ ಸಮಿತಿಯಲ್ಲಿ ನಮ್ಮ ಬಿನ್ನಹ ಇಷ್ಟೆ: ತಂಬೂರಿ ಮುಂದಿರಲಿ, ಸಾಹಿತ್ಯ ಸ್ಪಷ್ಟವಾಗಿ ಕೇಳಲಿ, ಪಕ್ಕದಲ್ಲಿ ಹುಡುಗರ ಕೀಬೋರ್ಡಿಗೂ ಒಂದು ಜಾಗ ಕೊಡೋಣ. ಅಂದು ಎತ್ತಿದ ಕೈಯನ್ನು ನಾವು ಇಂದು ಇಳಿಸುತ್ತಿದ್ದೇವೆ. ಅವರ ಮನೆಗಳಿಗೆ ಹೋಗಿ ಮರಳಿ ಕರೆತರುವ ಕೆಲಸವನ್ನು ನಮಗೇ ಒಪ್ಪಿಸಬೇಕೆಂದು ಬೇಡುತ್ತೇವೆ.